ಚಾಡಿ ಪೈಪು

ಧಡ್!

ಮ್ಯಾನ್‌ಹೋಲಿನ ಮುಚ್ಚಳ ಬಿತ್ತು.

ನಾನು ಒಳಗಿದ್ದೆ.

ಖಾಲಿ ಪೆಟ್ರೋಲ್ ಟ್ಯಾಂಕಿನೊಳಗೆ ನಿಂತು ಆ ಸದ್ದು ಕೇಳಿದ್ದೀರಾ? ಕೇಳುವುದೂ ಬೇಡ ಬಿಡಿ. ಸುತ್ತಲಿನ ಕಬ್ಬಿಣವೆಲ್ಲ ಒಟ್ಟಿಗೇ ನಿಮ್ಮ ಕೆನ್ನೆಗೆ ಬಾರಿಸಿದಂತಾಗುತ್ತದೆ. ಸದ್ದು ಸುತ್ತುತ್ತದೆ, ತಿರುಗಿ ಬರುತ್ತದೆ. ಹೊರಗೆ ಹೋಗುವ ದಾರಿ ಅದಕ್ಕೂ ಸಿಗುವುದಿಲ್ಲ.

“ಅಣ್ಣಾ!” ಎಂದು ಕೂಗಿದೆ.

‘ಅಣ್ಣಾ... ಅಣ್ಣಾ...’ ಟ್ಯಾಂಕೇ ಉತ್ತರ ಕೊಟ್ಟಿತು.

ಹೊರಗೆ ಕಾವಲು ನಿಂತಿದ್ದವನು ನನ್ನ ಅಣ್ಣ. ಒಡಹುಟ್ಟಿದವನು. ಈ ಡಿಪೋದ ಮ್ಯಾನೇಜರ್. ಟ್ಯಾಂಕಿನೊಳಗೆ ಒಬ್ಬರು ಇಳಿದರೆ, ಗೋಡೆಯ ಬುಡದಲ್ಲಿ ತೂರಿ ಹೋಗುವ ಆ ಮ್ಯಾನ್‌ಹೋಲಿನ ಹೊರಗೆ ಇನ್ನೊಬ್ಬರು ನಿಲ್ಲಲೇಬೇಕು, ಕಣ್ಣು ಮಿಟುಕಿಸದೆ. ನಮ್ಮ ಕಸುಬಿನ ಮೊದಲ ಪಾಠ ಅದು. “ಬೇರೆಯವ್ರು ಯಾಕೆ ಪುಟ್ಟಿ? ನಾನೇ ನಿಲ್ತೀನಿ” ಎಂದಿದ್ದ.

ಅಂದರೆ... ಅವನಿಗೆ ಯಾರೋ ಏನೋ ಮಾಡಿದ್ದಾರೆ!

ದೇವರಾಣೆಗೂ ಹೇಳುತ್ತೇನೆ, ಆಗ ನನಗೆ ಹೆದರಿಕೆಯಾದದ್ದು ನನ್ನ ಬಗ್ಗೆ ಅಲ್ಲ.

ಬೂಟು! ಇದು ಆ ಬಡ್ಡಿಮಗ ಬೂಟಿನದೇ ಕೆಲಸ!

ಬೂಟು ಎಂದರೆ ಡಿಪೋ ಸಾಹುಕಾರನ ಬಂಟ. ತಾಯಿ ಇಟ್ಟ ಹೆಸರು ಏನೋ ಇರಬೇಕು, ಯಾರಿಗೂ ನೆನಪಿಲ್ಲ. ಅಡಿಗೆ ಮೊಳೆ ಹೊಡೆದ ದಪ್ಪ ಬೂಟು ಹಾಕಿಕೊಂಡು, ಪೆಟ್ರೋಲ್ ಡಿಪೋದ ಸಿಮೆಂಟಿನ ಮೇಲೆ ಟಕ್ ಟಕ್ ಎಂದು ಓಡಾಡುವ ಮಹಾನುಭಾವ. ಮೊಳೆ ಉಜ್ಜಿದರೆ ಕಿಡಿ ಏಳುತ್ತದೆ. ಅಣ್ಣನಿಗೆ ಗೊತ್ತು, ಗೇಟಿನವನಿಗೆ ಗೊತ್ತು. ಆದರೆ ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು?

ಬೆಳಿಗ್ಗೆ ಗೇಟಿನಲ್ಲೇ ನನಗೆ ಅಡ್ಡ ನಿಂತಿದ್ದ.

“ಮೇಡಂ, ಒಳಗೆಲ್ಲ ಯಾಕೆ ಇಳೀತೀರಾ? ಹೊರಗೊಂದು ಸುತ್ತು ಹಾಕಿ, ಸೈನ್ ಹಾಕಿ, ಹೋಗ್ತಾ ಇರಿ.”

“ಇಳಿದ್ರೆ?”

“ಜಾರುತ್ತೆ ಮೇಡಂ. ಇಲ್ಲಿ ಎಲ್ಲಾ ಕಡೆ ಜಾರುತ್ತೆ.”

“ನಾನು ಜಾರೋ ವಯಸ್ಸು ದಾಟಿದೀನಪ್ಪ. ದಾರಿ ಬಿಡು.”

ಬಿಟ್ಟಿದ್ದ. ನಕ್ಕು ಬಿಟ್ಟಿದ್ದ. ಆ ನಗು ನನಗೆ ಹಿಡಿಸಿರಲಿಲ್ಲ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಕೇಳಿ. ನಾನು ಟ್ಯಾಂಕ್ ಇನ್‌ಸ್ಪೆಕ್ಟರ್. ನೆಲದ ಮೇಲೆ ನಿಲ್ಲಿಸಿದ ದೊಡ್ಡ ದೊಡ್ಡ ಉಕ್ಕಿನ ಟ್ಯಾಂಕುಗಳಿರುತ್ತವಲ್ಲ, ಪೆಟ್ರೋಲು, ಡೀಸೆಲ್ಲು ತುಂಬಿಡುವಂಥವು? ಅವು ಸೋರುವ ಮೊದಲೇ ‘ಸ್ವಾಮಿ, ಇದು ಸೋರುತ್ತದೆ’ ಎಂದು ಹೇಳುವವಳು ನಾನು. ಹೇಳಿದರೆ ಯಾರಿಗೂ ಹಿಡಿಸುವುದಿಲ್ಲ. ಸೋರಿದ ಮೇಲೆ ‘ಮೊದಲೇ ಯಾಕೆ ಬೊಗಳಲಿಲ್ಲ’ ಎನ್ನುತ್ತಾರೆ. ಊರಿಂದ ಊರಿಗೆ ಹೋಗುತ್ತೇನೆ. ಲಾಡ್ಜಿನ ರೂಮು, ಒಂದು ಮಂಚ, ಒಂದು ಕುರ್ಚಿ. ಕುರ್ಚಿಯ ಮೇಲೆ ಬ್ಯಾಗು ಕೂರುತ್ತದೆ, ಮಂಚದ ಮೇಲೆ ನಾನು. ಮಾತಾಡಿಕೊಳ್ಳುವುದಕ್ಕೆ ಇಬ್ಬರಿಗೂ ಏನೂ ಇರುವುದಿಲ್ಲ.

ಮದುವೆ ಆಗಲಿಲ್ಲ. ಆಗು ಎಂದು ಕಾಡುವವರೂ ಈಗ ಉಳಿದಿಲ್ಲ. ಅಪ್ಪ ಅಮ್ಮ ಬೇಗ ಹೋದರು. ನನ್ನನ್ನು ಓದಿಸಿದ್ದು, ಈ ಕಸುಬಿಗೆ ಹಚ್ಚಿದ್ದು ಅಣ್ಣ. ಆಗ ಅವನು ಬರೀ ಫಿಟ್ಟರ್, ಕೈತುಂಬಾ ಗ್ರೀಸು. ಈಗಲೂ ವಾರಕ್ಕೊಂದು ಸಲ ಫೋನ್ ಮಾಡುತ್ತಾನೆ.

“ಊಟ ಆಯ್ತಾ ಪುಟ್ಟಿ?”

“ಆಯ್ತು. ನಿಂದು?”

“ಆಯ್ತು. ಫೋನ್ ಇಡ್ಲಾ?”

ಅಷ್ಟೇ. ಈ ಲೋಕದಲ್ಲಿ ನನ್ನ ಹೊಟ್ಟೆ ತುಂಬಿದೆಯೋ ಇಲ್ಲವೋ ಎಂದು ತಿಳಿದುಕೊಳ್ಳಲು ಬಯಸುವ ಪ್ರಾಣಿ ಅದೊಂದೇ. ಹೋದ ವಾರ ಮಾತ್ರ ಇನ್ನೂ ಒಂದು ಮಾತು ಸೇರಿಸಿದ್ದ.

“ನಮ್ಮ ಟ್ಯಾಂಕ್ ನೋಡೋಕೆ ನೀನೇ ಬಾ. ಬೇರೆ ಯಾರೋ ಬಂದ್ರೆ ಕಿರಿಕ್ ಮಾಡ್ತಾರೆ. ನೀನಾದ್ರೆ ಅರ್ಥ ಮಾಡ್ಕೋತೀಯ.”

ನಾನು ಅರ್ಥ ಮಾಡಿಕೊಂಡದ್ದು ಇಷ್ಟೇ... ಅಣ್ಣ ಕರೆಯುತ್ತಿದ್ದಾನೆ. ಎರಡು ದಿನ ಅವನ ಜೊತೆ ಇರಬಹುದು. ಬ್ಯಾಗು ಹೆಗಲಿಗೇರಿಸಿ ಬಂದುಬಿಟ್ಟೆ.

ಬಂದು ನೋಡಿದರೆ ಟ್ಯಾಂಕು ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು! ಹೊಸ ಬಣ್ಣ, ಇನ್ನೂ ವಾಸನೆ ಹೋಗಿರಲಿಲ್ಲ. ಇನ್‌ಸ್ಪೆಕ್ಷನ್ ಹಿಂದಿನ ದಿನ ಬಣ್ಣ ಹೊಡೆಸಿದ ಟ್ಯಾಂಕ್ ಕಂಡರೆ ನನಗೆ ಮೈಯೆಲ್ಲ ತುರಿಸುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದವರೇ ಜುಟ್ಟಿಗೆ ಮಲ್ಲಿಗೆ ಮುಡಿಯುವುದು.

“ಚಾಡಿ ಪೈಪ್ ಎಲ್ಲಣ್ಣಾ?” ಎಂದು ಕೇಳಿದ್ದೆ.

ಚಾಡಿ ಪೈಪು ಎನ್ನುವುದು ನಾವು ಕೆಲಸದವರು ಇಟ್ಟ ಹೆಸರು. ಟ್ಯಾಂಕಿನ ತಳದ ಅಡಿಯಿಂದ ಹೊರಕ್ಕೆ ಮೂತಿ ಚಾಚಿರುವ ಒಂದು ಸಣ್ಣ ಪೈಪು. ತಳ ತೂತಾಗಿದ್ದರೆ ಸೋರಿದ್ದು ಮೊದಲು ಅಲ್ಲಿ ತೊಟ್ಟಿಕ್ಕುತ್ತದೆ. ಟ್ಯಾಂಕು ಬಾಯಿ ಬಿಡದಿದ್ದರೂ ಅದು ಚಾಡಿ ಹೇಳುತ್ತದೆ.

“ಈ ಟ್ಯಾಂಕಿಗೆ ಅದಿಲ್ಲ ಪುಟ್ಟಿ. ಹಳೇ ಕಾಲದ್ದು.”

ನಂಬಿದೆ. ಬೇರೆ ಯಾರಾದರೂ ಹೇಳಿದ್ದರೆ ನೆಲಕ್ಕೆ ಬಗ್ಗಿ ಹುಡುಕುತ್ತಿದ್ದೆ.

ಒಳಗೆ ಇಳಿಯುವ ಮೊದಲು ನನ್ನದೊಂದು ಪದ್ಧತಿಯಿದೆ. ಮೇಲೆ ಹತ್ತಿ ಟ್ಯಾಂಕಿನ ನೆತ್ತಿಯ ಮುಚ್ಚಳವನ್ನೂ ನಾನೇ ಕೈಯಾರೆ ತೆಗೆಯುತ್ತೇನೆ, ಗಾಳಿಯಾಡಲಿ ಎಂದು. ಆಮೇಲೆ ಕೆಳಗಿನ ಮ್ಯಾನ್‌ಹೋಲಿಗೆ ನನ್ನ ಬೋರ್ಡು ನೇತುಹಾಕುತ್ತೇನೆ. ಕೆಂಪು ಅಕ್ಷರ... ‘ಒಳಗೆ ಮನುಷ್ಯರಿದ್ದಾರೆ.’ ಅದೇ ಬೋರ್ಡನ್ನು ನನ್ನ ಮನೆ ಬಾಗಿಲಿಗೆ ತೂಗಿಸಿದರೆ ಅಕ್ಕಪಕ್ಕದವರು ನಂಬುವುದಿಲ್ಲ, ಆ ಮಾತು ಬೇರೆ.

ತಳದ ಪ್ಲೇಟುಗಳ ಮೇಲೆ ಸುತ್ತಿಗೆ ಬಡಿಯುತ್ತ ಹೋದೆ. ಹಿತ್ತಾಳೆ ಸುತ್ತಿಗೆ, ಕಿಡಿ ಹಾರುವುದಿಲ್ಲ. ಗಟ್ಟಿ ಉಕ್ಕು ಖಣ್ ಎನ್ನಬೇಕು. ಗೋಡೆಯ ಹತ್ತಿರ ಖಣ್ ಎಂದಿತು. ನಡುವಿಗೆ ಬಂದೆ.

ಡಬ್.

ಇನ್ನೊಂದು ಹೆಜ್ಜೆ. ಡಬ್... ಡಬ್...

ದಪ್ಪ ಅಳೆಯುವ ಮೀಟರ್ ಇಟ್ಟೆ. ಮೀಟರಿಗೇ ನಾಚಿಕೆಯಾಗುವಂಥ ಅಂಕಿ! ಅಡಿಯಿಂದ ತುಕ್ಕು ತಿಂದು ಪ್ಲೇಟು ಹಪ್ಪಳವಾಗಿತ್ತು. ತೂತುಗಳಿಗೆ ಅಂಟು ಮೆತ್ತಿ, ಮೇಲೆ ಬಣ್ಣ ಬಳಿದಿದ್ದರು. ಕಾಲಿನಿಂದ ಮೆಲ್ಲಗೆ ಒತ್ತಿದೆ. ಪ್ಲೇಟು ಕುಸಿದು ಅಡಿಯಿಂದ ಪೆಟ್ರೋಲು ಜಿನುಗಿತು. ಕಾಲರಿಗೆ ಸಿಕ್ಕಿಸಿಕೊಂಡಿದ್ದ ಗ್ಯಾಸ್ ಮೀಟರ್ ಕೀ ಕೀ ಎಂದು ಬಡಿದುಕೊಂಡಿತು.

ಇದನ್ನು ತುಂಬಿಸಿದರೆ ತಳ ಬಾಯಿ ಬಿಡುತ್ತದೆ. ಅನುಮಾನವೇ ಇಲ್ಲ. ಟ್ಯಾಂಕಿನ ಸುತ್ತ ಕಟ್ಟೆಯಿದೆ, ನಿಜ. ಸೋರಿದ್ದನ್ನು ಹಿಡಿದಿಡಲೆಂದೇ ಕಟ್ಟಿದ್ದು. ಆದರೆ ಮಳೆನೀರು ಹೋಗಲಿ ಎಂದು ಕಟ್ಟೆಯ ಡ್ರೈನ್ ವಾಲ್ವನ್ನು ಯಾವಾಗಲೂ ತೆರೆದೇ ಇಟ್ಟಿದ್ದರು. ಅದರ ಬಾಯಿ ತೆರೆಯುವುದು ಕಾಂಪೌಂಡಿನ ಆಚೆ, ತಗ್ಗಿನಲ್ಲಿರುವ ಓಣಿಯ ಮೋರಿಗೆ. ಆ ಓಣಿಯಲ್ಲಿ ಹೊಸ್ತಿಲು ಹೊಸ್ತಿಲಿಗೂ ಒಲೆ.

‘ಈ ಟ್ಯಾಂಕ್ ಫೇಲ್ ಅಣ್ಣ’ ಎಂದು ಹೇಳಲು ಮ್ಯಾನ್‌ಹೋಲಿನ ಕಡೆ ತಿರುಗಿದ್ದೆ. ಅಷ್ಟರಲ್ಲಿ... ಧಡ್!

ಓಡಿದೆ. ಮುಚ್ಚಳಕ್ಕೆ ಎರಡೂ ಅಂಗೈ ಒತ್ತಿ ನಿಂತೆ.

ಹೊರಗೆ ಸ್ಪ್ಯಾನರ್ ಸದ್ದು. ಬೋಲ್ಟು ಬಿಗಿಯುತ್ತಿದ್ದರು!

ಕಿರ್ರ್... ಮೇಲುಗಡೆ.

ಕಿರ್ರ್... ಕೆಳಗಡೆ.

ಕಿರ್ರ್... ಎಡಕ್ಕೆ.

ಕಿರ್ರ್... ಬಲಕ್ಕೆ.

ಬೂಟಿನಂಥವನು ಬೋಲ್ಟು ಬಿಗಿದರೆ ಒಂದರ ಪಕ್ಕ ಒಂದು, ಸಾಲಾಗಿ ಬಿಗಿಯುತ್ತಾನೆ. ಹಾಗೆ ಮಾಡಿದರೆ ಮುಚ್ಚಳ ಒಂದು ಕಡೆ ಏಳುತ್ತದೆ, ಸೋರುತ್ತದೆ. ಎದುರುಬದುರು ಬಿಗಿಯುವವನು ಕಸುಬುದಾರ. ಕೈ ತಾನಾಗಿ ಹಾಗೆ ಹೋಗುತ್ತದೆ, ಕಳ್ಳತನ ಮಾಡುವಾಗಲೂ.

ಡಿಪೋದ ಫಿಟ್ಟರ್‌ಗಳಿಗೆಲ್ಲ ಇವತ್ತು ರಜೆ ಕೊಟ್ಟಿದ್ದಾರೆ.

ಹಾಗಾದರೆ...

ಮುಂದೆ ಯೋಚಿಸಲಿಲ್ಲ. ಮನಸ್ಸು ಒಪ್ಪಲಿಲ್ಲ. ಅಣ್ಣನನ್ನು ಎಲ್ಲೋ ಕಟ್ಟಿಹಾಕಿದ್ದಾರೆ, ಬೂಟು ಯಾರೋ ಕೆಲಸದವನನ್ನು ಹೆದರಿಸಿ ಮಾಡಿಸುತ್ತಿದ್ದಾನೆ ಎಂದೇ ಹಟ ಹಿಡಿದೆ.

“ಯಾರದು? ಒಳಗೆ ನಾನಿದೀನಿ ಕಣ್ರೋ! ಬೋರ್ಡ್ ಕಾಣಲ್ವಾ?”

ಸ್ಪ್ಯಾನರ್ ಒಂದು ಕ್ಷಣ ನಿಂತಿತು.

ಮತ್ತೆ ಶುರುವಾಯಿತು.

ಆಮೇಲೆ ಬಂತು ನೋಡಿ ಆ ಸದ್ದು... ಗುಳು ಗುಳು... ಗೊಳ್!

ಗೋಡೆಯ ಬುಡದ ಪೈಪಿನಿಂದ ಪೆಟ್ರೋಲು ಒಳಗೆ ನುಗ್ಗಿತು. ಟ್ಯಾಂಕ್ ತುಂಬಿಸುತ್ತಿದ್ದರು, ನನ್ನ ಸಮೇತ!

ವಾಸನೆ ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ತಲೆ ತಿರುಗಿತು. ಈ ಆವಿ ಕುಡಿದರೆ ಮೊದಲು ನಗು ಬರುತ್ತದೆ, ಆಮೇಲೆ ನಿದ್ದೆ ಬರುತ್ತದೆ, ಆಮೇಲೆ ಏನೂ ಬರುವುದಿಲ್ಲ.

ಮೇಲೆ ನೋಡಿದೆ. ನೆತ್ತಿಯ ಮುಚ್ಚಳ ಇನ್ನೂ ತೆರೆದೇ ಇತ್ತು. ಅಲ್ಲಿಂದ ಬಿಸಿಲು ನೆಟ್ಟಗೆ ಇಳಿದಿತ್ತು. ಗೋಡೆಗೆ ಅಂಟಿಕೊಂಡು ಒಂದು ಏಣಿ, ತುಕ್ಕು ಹಿಡಿದದ್ದು. ಮೂರಂತಸ್ತಿನ ಮನೆಯಷ್ಟು ಎತ್ತರ.

ಆಗಲೇ ಕೇಳಿಸಿತು.

ಟಕ್. ಟಕ್. ಟಕ್.

ಹೊರಗೆ, ಟ್ಯಾಂಕಿನ ಮೈಗೆ ಹಾವಿನಂತೆ ಸುತ್ತಿಕೊಂಡ ಮೆಟ್ಟಿಲ ಮೇಲೆ... ಮೊಳೆ ಹೊಡೆದ ಬೂಟು!

ನೆತ್ತಿಯ ಮುಚ್ಚಳ ಮುಚ್ಚಲು ಹೋಗುತ್ತಿದ್ದ.

ಏಣಿಗೆ ಹಾರಿದೆ. ಅವನು ಹೊರಗೆ, ನಾನು ಒಳಗೆ. ನಡುವೆ ಒಂದು ತಗಡು. ಅವನು ಸುತ್ತಿ ಸುತ್ತಿ ಹತ್ತಬೇಕು, ನಾನು ನೆಟ್ಟಗೆ. ಅವನಿಗೆ ಗಟ್ಟಿ ಮೆಟ್ಟಿಲು, ನನಗೆ ಕೊಳೆತ ಏಣಿ. ಲೆಕ್ಕ ಸರಿಹೋಯಿತು.

ಟಕ್ ಟಕ್ ಟಕ್...

ಎಡಗಾಲಿನ ಕೆಳಗೆ ಮೆಟ್ಟಿಲು ಮುರಿಯಿತು! ಎರಡೂ ಕೈಯಲ್ಲಿ ಜೋತಾಡಿದೆ. ಮುರಿದ ಕಬ್ಬಿಣ ಕೆಳಗೆ ಬಿದ್ದು ಪೆಟ್ರೋಲಿನಲ್ಲಿ ಪುಳಕ್ ಎಂದಿತು. ಪುಣ್ಯಕ್ಕೆ ಗೋಡೆಗೆ ತಾಗಲಿಲ್ಲ, ಕಿಡಿ ಏಳಲಿಲ್ಲ.

ಟಕ್ ಟಕ್ ಟಕ್... ನನ್ನ ಎಡಕ್ಕೆ ಬಂತು. ಬೆನ್ನ ಹಿಂದೆ ಹೋಯಿತು. ಬಲಕ್ಕೆ ಬಂತು. ತಲೆಯ ಮೇಲೆ!

ಅವನು ನೆತ್ತಿ ತಲುಪಿದ್ದ.

ಬಿಸಿಲಿಗೆ ಅಡ್ಡವಾಗಿ ನೆರಳು ಬಿತ್ತು. ಮುಚ್ಚಳ ಎಳೆಯುವ ಸದ್ದು. ಅರ್ಧ ಬೆಳಕು ಹೋಯಿತು.

ಕೊನೆಯ ಮೆಟ್ಟಿಲು ಒದ್ದು ತಲೆ ಹೊರಗೆ ಹಾಕಿದೆ.

ಬೂಟಿನ ಮುಖ ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು.

“ಅಯ್ಯಮ್ಮಾ!” ಎಂದು ಕಿರುಚಿದವನು ಅವನು.

ನಾನು ಕಿರುಚಲಿಲ್ಲ, ಸೊಂಟದಲ್ಲಿದ್ದ ಸುತ್ತಿಗೆ ಸೆಳೆದು ಬೀಸಿದೆ. ಅವನ ಬೆರಳ ಗಂಟಿಗೆ ಸರಿಯಾಗಿ ಬಿತ್ತು.

“ಅಯ್ಯಯ್ಯಪ್ಪಾ... ಮೇಡಂ...!”

ಮೇಡಂ ಅಂತೆ ಮೇಡಂ! ಹೊರಗೆ ತೂರಿಕೊಂಡೆ. ಅವನ ಇನ್ನೊಂದು ಕೈ ನನ್ನ ಬ್ಯಾಗಿನ ಪಟ್ಟಿ ಹಿಡಿಯಿತು. ಎಳೆದ. ನಾನೂ ಎಳೆದೆ. ಪಟ್ಟಿ ಕಿತ್ತುಬಂತು. ಬ್ಯಾಗು, ಒಳಗಿದ್ದ ಮೀಟರು, ಎಲ್ಲ ಟ್ಯಾಂಕಿನ ಪಾಲಾಯಿತು. ಇಷ್ಟು ವರ್ಷ ನನ್ನ ಜೊತೆ ಕುರ್ಚಿಯ ಮೇಲೆ ಕೂತದ್ದು ಅದೊಂದೇ.

“ಮೇಡಂ ನಿಲ್ರೀ! ನಿಲ್ರೀ ಅಂದ್ರೆ!”

ನಿಲ್ಲುವುದೇ? ಸುತ್ತುಮೆಟ್ಟಿಲು ಹಿಡಿದು ಕೆಳಕ್ಕೆ ಓಡಿದೆ. ಹಿಂದಿನಿಂದ ಟಕ್ ಟಕ್ ಟಕ್. ಓಡುತ್ತಲೇ ಕೆಳಗೆ ನೋಡಿದೆ. ಕಾಂಪೌಂಡಿನ ಆಚೆ ಓಣಿ. ತಂತಿಯ ಮೇಲೆ ಒಣಗಿಹಾಕಿದ ಬಟ್ಟೆ. ಹೊಸ್ತಿಲಲ್ಲಿ ಒಬ್ಬಳು ಒಲೆಯ ಮುಂದೆ ಕೂತಿದ್ದಳು. ಇತ್ತ ಕಟ್ಟೆಯೊಳಗೆ, ಟ್ಯಾಂಕಿನ ಬುಡದಲ್ಲಿ, ಒಂದು ಕಡೆ ನೆಲ ಕಪ್ಪಾಗಿತ್ತು. ಆ ಕಪ್ಪಿನ ನಡುವೆ ಒಂದು ಸಣ್ಣ ಮೂತಿ.

ಚಾಡಿ ಪೈಪು!

ಇತ್ತು! ಬಾಯಿಗೆ ಮರದ ಬಿರಡೆ ಜಡಿದು, ಬಿರಡೆಯ ಮೇಲೂ ಬಣ್ಣ ಬಳಿದಿದ್ದರು. ‘ಈ ಟ್ಯಾಂಕಿಗೆ ಅದಿಲ್ಲ ಪುಟ್ಟಿ’ ಎಂದ ದನಿ ಕಿವಿಯಲ್ಲಿ ಮೊಳಗಿತು.

ಕೆಳಗೆ ಬಂದು ಕಟ್ಟೆಯೊಳಗೆ ಹಾರಿ, ಟ್ಯಾಂಕು ಸುತ್ತಿ ಇನ್ನೊಂದು ಬದಿಗೆ ಓಡಿದೆ. ಪೆಟ್ರೋಲು ಒಳಬರುವ ಪೈಪಿಗೆ ಒಂದು ದೊಡ್ಡ ಚಕ್ರದ ವಾಲ್ವ್. ಎರಡೂ ಕೈ ಹಾಕಿ ತಿರುಗಿಸಿದೆ. ಬಿಗಿ! ಹೆಗಲು ಕೊಟ್ಟೆ. ಕಿತ್ತುಹೋಗುವಷ್ಟು ನೋವು. ಒಂದು ಸುತ್ತು... ಇನ್ನೊಂದು... ಒಳಗಿನ ಗೊಳಗೊಳ ಸಣ್ಣಗಾಯಿತು. ನಿಂತಿತು. ಸೊಂಟದಲ್ಲಿದ್ದ ನನ್ನ ಸ್ವಂತ ಬೀಗ ತೆಗೆದು ಚಕ್ರಕ್ಕೆ ಜಡಿದೆ. ಅದಕ್ಕೆ ಒಂದೇ ಕೀಲಿ, ಅದು ನನ್ನ ಕೊರಳಲ್ಲಿ. ಇನ್ನು ಪಂಪು ತಲೆ ಚಚ್ಚಿಕೊಂಡರೂ ಒಂದು ಹನಿ ಒಳಗೆ ಹೋಗದು.

ಉಸಿರು ಬಿಡುವಷ್ಟರಲ್ಲಿ... ಫಟ್!

ಬಿರಡೆ ಹಾರಿತು!

ಒಳಗೆ ಬಿದ್ದ ಪೆಟ್ರೋಲು ಕೊಳೆತ ತಳದಿಂದ ಇಳಿದು ಅಡಿಯಿಂದ ಒತ್ತಿತ್ತು. ಚಾಡಿ ಪೈಪು ಇಷ್ಟು ದಿನ ನುಂಗಿಕೊಂಡದ್ದನ್ನೆಲ್ಲ ಕಾರಿತು. ಮಣಿಕಟ್ಟಿನಷ್ಟು ದಪ್ಪ ಧಾರೆ. ಸಿಮೆಂಟಿನ ಮೇಲೆ ಹರಡಿ, ತೆರೆದ ಡ್ರೈನಿನ ಕಡೆಗೇ ಹೊರಟಿತು.

ಡ್ರೈನ್ ವಾಲ್ವ್ ಕಟ್ಟೆಯ ಆ ತುದಿಗಿತ್ತು. ನಾನು ಈ ತುದಿಗೆ.

ಮೆಟ್ಟಿಲಿಳಿದು ಆ ತುದಿಯಲ್ಲೇ ಕಟ್ಟೆಯೊಳಗೆ ಧುಮುಕಿದ ಬೂಟು!

“ಅಲ್ಲೇ ನಿಲ್ಲೋ!”

“ಮೇಡಂ, ನಾನು...”

“ಕಾಲು ಎತ್ತಬೇಡ! ಕೆಳಗೆ ನೋಡು!”

ನೋಡಿದ. ಪೆಟ್ರೋಲು ಅವನ ಹಿಮ್ಮಡಿ ದಾಟಿತ್ತು.

“ನಿನ್ನ ಬೂಟಲ್ಲಿ ಮೊಳೆ ಇದೆ. ಮೊಳೆ ಉಜ್ಜಿದ್ರೆ ಕಿಡಿ. ಕಿಡಿ ಬಿದ್ರೆ ನೀನೂ ಇಲ್ಲ, ನಾನೂ ಇಲ್ಲ, ಆ ಓಣಿನೂ ಇಲ್ಲ. ಬಿಚ್ಚು!”

“ಏ... ಏನನ್ನ?”

“ಬೂಟು ಬಿಚ್ಚೋ ಮುಂಡೇದೆ!”

ಮೀಸೆ ಹೊತ್ತ ಗಂಡಸು ಬೆವತು ತೊಪ್ಪೆಯಾದ. ಮೆಲ್ಲಗೆ ಕುಕ್ಕುರುಗಾಲಲ್ಲಿ ಕೂತು ಲೇಸಿಗೆ ಕೈ ಹಾಕಿದ. ನನ್ನ ಸುತ್ತಿಗೆ ಬಿದ್ದ ಬೆರಳು ಊದಿ ಬದನೆಕಾಯಾಗಿತ್ತು.

“ಗಂಟು ಬಿದ್ದಿದೆ ಮೇಡಂ...” ಅಳುವ ದನಿ.

“ಹಾಗೇ ಕಾಲು ಹೊರಗೆ ತೆಗಿ. ಎಳೀಬೇಡ. ಎತ್ತು... ನೇರ ಮೇಲಕ್ಕೆ ಎತ್ತು...”

ಒಂದು ಕಾಲು ಬಂತು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು. ಇನ್ನೊಂದು ಬಂತು. ಎರಡೂ ಬೂಟನ್ನು ಹಸುಗೂಸಿನ ಹಾಗೆ ಎದೆಗಪ್ಪಿಕೊಂಡು ನಿಂತ.

“ಹಿಂದೆ ತಿರುಗು. ಆ ಚಿಕ್ಕ ಚಕ್ರ ಕಾಣ್ತಾ? ಬಲಕ್ಕೆ ತಿರುಗಿಸು. ಬೇಗ!”

ತಿರುಗಿಸಿದ. ಇಡೀ ಮೈಭಾರ ಹಾಕಿ ತಿರುಗಿಸಿದ. ಪೆಟ್ರೋಲು ಡ್ರೈನಿನ ಬಾಯಿಗೆ ಬಂದು ತಟ್ಟಿತು, ತಡೆಯಿತು, ಹಿಂದಕ್ಕೆ ಹೊರಳಿತು. ಕಟ್ಟೆಯೊಳಗೇ ನಿಂತಿತು.

ಓಣಿಯಲ್ಲಿ ಆ ಹೆಂಗಸು ಯಾರನ್ನೋ ಊಟಕ್ಕೆ ಕರೆಯುವುದು ಕೇಳಿಸಿತು. ನನಗೆ ಕಣ್ಣು ತುಂಬಿತು, ಪೆಟ್ರೋಲಿನ ಆವಿಯಿಂದ ಅಲ್ಲ.

ಇಬ್ಬರೂ ಕಟ್ಟೆ ಹತ್ತಿ ಈಚೆ ಬಂದೆವು. ನಾನು ಸುತ್ತಿಗೆ ಎತ್ತಿ ಹಿಡಿದೇ ಇದ್ದೆ.

“ನನ್ನಣ್ಣ ಎಲ್ಲಿ? ಏನು ಮಾಡಿದೀಯ ಅವನಿಗೆ?”

“ನಾನಾ? ಅವ್ರಿಗಾ?” ಬೂಟು ಕಣ್ಣು ಬಿಟ್ಟ. “ಅಲ್ಲಿ ಬರ್ತಾ ಇದಾರಲ್ಲ ಮೇಡಂ...”

ಪಂಪ್‌ಹೌಸ್ ಕಡೆಯಿಂದ ಅಣ್ಣ ಬರುತ್ತಿದ್ದ. ಕಟ್ಟಿಹಾಕಿದ ಗುರುತಿಲ್ಲ, ಹೊಡೆದ ಗುರುತಿಲ್ಲ. ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಸ್ಪ್ಯಾನರ್. ಕಂಕುಳಲ್ಲಿ ನನ್ನ ಬೋರ್ಡು. ಎಲ್ಲಿ ಇಡಬೇಕೆಂದು ತೋಚದೆ ಹಾಗೇ ಹಿಡಿದುಕೊಂಡಿದ್ದ ಅಂತ ಕಾಣುತ್ತದೆ. ‘ಒಳಗೆ ಮನುಷ್ಯರಿದ್ದಾರೆ’ ಎನ್ನುವುದು ತಲೆಕೆಳಗಾಗಿತ್ತು.

ನನ್ನನ್ನು ನೋಡಿದ. ಅವನ ಮುಖದಲ್ಲಿ ಸಮಾಧಾನವೂ ಬಂತು, ಹೆದರಿಕೆಯೂ ಬಂತು. ಯಾವುದು ಮೊದಲು ಬಂತು ಎಂದು ಹೇಳಲಾರೆ. ಇವತ್ತಿಗೂ ಹೇಳಲಾರೆ.

“ಪುಟ್ಟಿ...”

“ಬೋಲ್ಟ್ ಬಿಗಿದಿದ್ದು ನೀನು.”

“ಕೇಳು ಪುಟ್ಟಿ. ಮಾಲು ಬಂದು ನಿಂತಿದೆ. ಇಳಿಸ್ಕೊಳ್ಳೋಕೆ ಬೇರೆ ಟ್ಯಾಂಕ್ ಖಾಲಿ ಇಲ್ಲ. ಸಾಹುಕಾರ್ರು ಕುತ್ತಿಗೆ ಮೇಲೆ ಕೂತಿದಾರೆ. ನೀನು ಒಳಗೆ ಡಬ್ ಡಬ್ ಅಂತ ಬಡಿಯೋದು ಕೇಳಿಸ್ತು. ಫೇಲ್ ಮಾಡ್ತೀಯ ಅಂತ ಗೊತ್ತಾಗೋಯ್ತು. ವರ್ಷಾನುಗಟ್ಟಲೆ ಚೆನ್ನಾಗಿದೆ ಚೆನ್ನಾಗಿದೆ ಅಂತ ಬರ್ಕೊಟ್ಟೋನು ನಾನು. ಬಿರಡೆ ಹೊಡೆದೋನೂ ನಾನೇ. ನಾನು ಜೈಲಿಗೆ ಹೋಗ್ತೀನಿ ಪುಟ್ಟಿ!”

“ಅದಕ್ಕೆ ನನ್ನ ಒಳಗೆ ಹಾಕಿ ಮುಚ್ಚಿದ್ಯಾ?”

“ಥೂ, ಬಿಡ್ತು ಅನ್ನು! ಮೇಲಿಂದು ತೆರೆದಿತ್ತಲ್ಲ! ಹತ್ತಿ ಬರ್ತೀಯ ಅಂತ ಗೊತ್ತಿತ್ತು. ನೀನು ಬರೋಷ್ಟರಲ್ಲಿ ತುಂಬೋಕೆ ಶುರುವಾಗಿರುತ್ತೆ, ಆಮೇಲೆ ನೀನೂ ಏನೂ ಮಾಡೋಕಾಗಲ್ಲ, ಬೈತೀಯ, ಸುಮ್ಮನಾಗ್ತೀಯ ಅಂತ...”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಂಬಿಬಿಡೋಣ ಅನ್ನಿಸಿತು. ನಂಬುವುದು ಎಷ್ಟು ಸುಲಭವಾಗಿತ್ತು ಗೊತ್ತಾ? ಒಂದೇ ಒಂದು ಪ್ರಶ್ನೆ ಕೇಳದಿದ್ದರೆ ಸಾಕಿತ್ತು.

ಕೇಳಬಾರದು ಎಂದುಕೊಂಡೇ ಕೇಳಿದೆ.

“ಇವನನ್ನ ಮೇಲಕ್ಕೆ ಕಳಿಸಿದ್ದು ಯಾರು?”

ಅಣ್ಣ ನನ್ನ ಬೋರ್ಡನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದ.

“ಹೇಳೋ!” ಎಂದು ಬೂಟಿನ ಕಡೆ ತಿರುಗಿದೆ.

ಬೂಟು ಬರಿಗಾಲಲ್ಲಿ ನಿಂತು ಬೆರಳಿಗೆ ಉಫ್ ಉಫ್ ಎಂದು ಊದಿಕೊಳ್ಳುತ್ತಿದ್ದ. “ಇವ್ರೇ ಮೇಡಂ. ‘ಓಡಿಹೋಗಿ ಮೇಲಿಂದು ಮುಚ್ಚು’ ಅಂದ್ರು. ನಾನು ಹೆದರಿಸೋನು ಮೇಡಂ, ಇಲ್ಲ ಅನ್ನಲ್ಲ. ಅದೇ ನನ್ನ ಕೆಲಸ. ಆದ್ರೆ ನೀವು ಒಳಗಿದ್ದೀರ ಅಂತ ನನ್ನಾಣೆಗೂ ಗೊತ್ತಿರಲಿಲ್ಲ! ತೂತಿಂದ ನಿಮ್ಮ ತಲೆ ಬಂದಾಗ ದೆವ್ವ ಅಂದ್ಕೊಂಡೆ. ಸುತ್ತಿಗೇಲಿ ಕೊಟ್ರಿ, ಆದ್ರೂ ಬೀಳ್ತೀರಲ್ಲ ಅಂತ ಹಿಡ್ಕೊಳ್ಳೋಕೆ ಬಂದೆ...”

ಊರಿಗೆಲ್ಲ ರೌಡಿ ಎನ್ನಿಸಿಕೊಂಡವನು ನನ್ನನ್ನು ಹಿಡಿದುಕೊಳ್ಳಲು ಬಂದಿದ್ದ. ಸಾಕಿ ಬೆಳೆಸಿದವನು ಮುಚ್ಚಳ ಮುಚ್ಚಿಸಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಂಟಿ ಎನ್ನಿಸಿತು. ಟ್ಯಾಂಕಿನೊಳಗೆ ಮುಚ್ಚಿಹಾಕಿದಾಗಲೂ ಅಷ್ಟು ಒಂಟಿ ಎನ್ನಿಸಿರಲಿಲ್ಲ, ಯಾಕೆಂದರೆ ಆಗ ಹೊರಗೆ ಅಣ್ಣ ಇದ್ದಾನೆ ಎಂದುಕೊಂಡಿದ್ದೆ.

“ಓಣಿಗೆ ಓಡು” ಎಂದೆ ಬೂಟಿಗೆ. “ಎಲ್ಲರ ಒಲೆ ಆರಿಸು. ಬೀಡಿ, ದೀಪ, ಏನೂ ಹಚ್ಚಬಾರದು. ಮನೆ ಖಾಲಿ ಮಾಡಿಸು.”

“ಕೇಳದಿದ್ರೆ?”

“ಹೆದರ್ಸು. ಅದೇ ನಿನ್ನ ಕೆಲಸ ಅಂದ್ಯಲ್ಲ.”

ಬೂಟು ಬರಿಗಾಲಲ್ಲೇ ಓಡಿದ.

ನಾನು ಗೇಟಿನ ಕಡೆ ನಡೆದೆ. ಡಿಪೋದೊಳಗೆ ಫೋನ್ ತರುವಂತಿಲ್ಲ, ನನ್ನದು ಗೇಟಿನವನ ಮೇಜಿನ ಮೇಲಿತ್ತು. ಅಣ್ಣ ಹಿಂದೆ ಹಿಂದೆ ಬಂದ. ಬೆನ್ನಟ್ಟಿ ಬಂದದ್ದಲ್ಲ. ಅದಾಗಿದ್ದರೆ ಓಡಬಹುದಿತ್ತು.

“ಕೀಲಿ ಕೊಡು ಪುಟ್ಟಿ. ಎಲ್ಲಾ ವಾಪಸ್ ಹೀರಿಸಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ.”

ನಡೆದೆ.

“ಅಪ್ಪ ಸತ್ತಾಗ ನೀನು ಇಷ್ಟುದ್ದ ಇದ್ದೆ. ಎತ್ಕೊಂಡು ತಿರುಗಿದೀನಿ ನಿನ್ನ.”

ನಡೆದೆ.

“ನಿನಗೆ ಇನ್ಯಾರಿದಾರೆ ಹೇಳು? ನನ್ನ ಬಿಟ್ರೆ ಯಾರಿದಾರೆ?”

ಅದಕ್ಕೆ ನಿಂತೆ. ತಿರುಗಿ ನೋಡಿದೆ. ಸುಳ್ಳು ಹೇಳಿದ್ದನಾ? ಇಲ್ಲ. ಆ ಹೊತ್ತು ಅವನ ಬಾಯಿಂದ ಬಂದ ಮಾತುಗಳಲ್ಲಿ ಅಪ್ಪಟ ನಿಜ ಅದೊಂದೇ ಆಗಿತ್ತು.

“ಯಾರೂ ಇಲ್ಲ ಅಣ್ಣ” ಎಂದೆ. ಮೇಜಿನ ಮೇಲಿಂದ ಫೋನ್ ಎತ್ತಿಕೊಂಡೆ.

ಫೈರ್ ಸ್ಟೇಷನ್ನಿಗೆ ಮೊದಲು, ಪೊಲೀಸಿಗೆ ಆಮೇಲೆ. ಅಣ್ಣ ಗೇಟಿನವನ ಬೆಂಚಿನ ಮೇಲೆ ಕೂತ. ಓಡಿಹೋಗಬಹುದಿತ್ತು, ಹೋಗಲಿಲ್ಲ. ನಾನು ಬೆಂಚಿನ ಆ ತುದಿಯಲ್ಲಿ ಕೂತೆ. ಅವನು ಅಳುತ್ತಿದ್ದ. ಹೆಗಲ ಮೇಲೆ ಕೈ ಇಡೋಣ ಎಂದು ಕೈ ಎತ್ತಿದೆ, ಅಂಗೈ ತುಂಬಾ ತುಕ್ಕು. ತೊಡೆಗೆ ಒರೆಸಿಕೊಂಡೆ. ಅಷ್ಟರಲ್ಲಿ ಗಾಡಿಗಳು ಬಂದವು.

ಫೈರಿನವರು ಕಟ್ಟೆಯ ತುಂಬ ನೊರೆ ಹೊಡೆದರು. ಓಣಿಯವರೆಲ್ಲ ಮೇಲಿನ ರಸ್ತೆಯಲ್ಲಿ ನಿಂತು ಬೂಟಿಗೆ ಬೈಯುತ್ತಿದ್ದರು. ಅವನು ಯಾರದೋ ಮಗುವನ್ನು ಎತ್ತಿಕೊಂಡು ಬೈಸಿಕೊಳ್ಳುತ್ತಿದ್ದ. ಸಾಹುಕಾರನ ಫೋನ್ ಸ್ವಿಚ್ ಆಫ್ ಆಗಿತ್ತು. ಸಂಜೆಯೊಳಗೆ ಹುಡುಕುತ್ತೇವೆ ಎಂದರು ಪೊಲೀಸರು.

ಪೊಲೀಸ್ ಅಧಿಕಾರಿ ವಯಸ್ಸಾದವರು. ಮೆತ್ತಗಿನ ಮಾತು.

“ಪೈಪಿಗೆ ಬಿರಡೆ ಹೊಡೆದಿದ್ದು ಯಾರಮ್ಮ?”

ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ‘ಗೊತ್ತಿಲ್ಲ ಸಾರ್’ ಎಂದರೆ ಸಾಕಿತ್ತು. ಬಿರಡೆ ತಾನಾಗಿ ಬಾಯಿ ಬಿಡುವುದಿಲ್ಲ.

“ಮ್ಯಾನೇಜರ್.”

“ನಿಮ್ಮನ್ನ ಒಳಗೆ ಹಾಕಿ ಮುಚ್ಚಿದ್ದು?”

“ಅವನೇ.”

“ಅವರು ನಿಮಗೆ ಏನಾಗ್ಬೇಕು?”

“ಅಣ್ಣ.”

ಅಧಿಕಾರಿ ಪೆನ್ನು ನಿಲ್ಲಿಸಿದರು. ಅಣ್ಣನನ್ನು ಎಬ್ಬಿಸಿ ಜೀಪಿಗೆ ಹತ್ತಿಸಿದರು. ಅವನು ನನ್ನ ಬೋರ್ಡನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟು, ತಿರುಗಿ ನೋಡದೆ ಹೋದ. ಜೀಪಿನ ಹಿಂದಿನ ಸೀಟಿನಲ್ಲಿ ಅವನ ತಲೆ ಬಗ್ಗಿತ್ತು. ನೆತ್ತಿಯಲ್ಲಿ ಕೂದಲು ಎಷ್ಟು ತೆಳ್ಳಗಾಗಿದೆ ಎಂದು ಆಗಲೇ ನೋಡಿದ್ದು.

ಬೆಂಚಿನ ಮೇಲಿಂದ ಬೋರ್ಡು ಎತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಅಧಿಕಾರಿ ನೋಡಿದರು, ನೀರಿನ ಬಾಟಲಿ ಕೊಟ್ಟರು.

“ನೀವು ಒಬ್ರೇ ಹೋಗೋದು ಬೇಡಮ್ಮ. ಆವಿ ಕುಡಿದಿದೀರ, ರಾತ್ರಿ ಯಾರಾದ್ರೂ ಜೊತೆಗಿರ್ಬೇಕು. ನಿಮ್ಮ ಕಡೆಯವ್ರು ಯಾರಿದಾರೆ ಹೇಳಿ, ನಾನೇ ಫೋನ್ ಮಾಡಿ ಕರೆಸ್ತೀನಿ.”

ನೀರು ಕುಡಿದೆ. ಬಾಟಲಿಯ ಮುಚ್ಚಳ ಹಾಕಿ ಅವರ ಕೈಗೆ ಕೊಟ್ಟೆ.

“ಇದ್ದ ಒಬ್ಬನನ್ನ ನಿಮ್ಮ ಜೀಪಲ್ಲಿ ಕೂರಿಸ್ಕೊಂಡಿದ್ದೀರಲ್ಲ ಸಾರ್...!”